ಇಟಲಿಯ ‘ಆಂಡ್ರಿಯಾ’ ಎಂಬ ಹೆಸರಿನ ಅರ್ಥವೇನು? ಅದು ಗಂಡಿನದೋ, ಹೆಣ್ಣಿನದೋ?

ಇಟಲಿಯಲ್ಲಿ ಅದು ಗಂಡು ಹೆಸರು. ಗಾಯಕ ಆಂಡ್ರಿಯಾ ಬೊಚೆಲ್ಲಿ, ಫುಟ್‌ಬಾಲ್ ಆಟಗಾರ ಆಂಡ್ರಿಯಾ ಪಿರ್ಲೊ, 16ನೇ ಶತಮಾನದ ವಾಸ್ತುಶಿಲ್ಪಿ ಆಂಡ್ರಿಯಾ ಪಲ್ಲಾಡಿಯೊ, ಎಲ್ಲರೂ ಗಂಡಸರೇ.

ಮೂಲ ಗ್ರೀಕಿನ ‘ಅಂದ್ರೇಯಾಸ್’. ಗ್ರೀಕಿನಲ್ಲಿ ‘ಅನೇರ್’ ಎಂದರೆ ಗಂಡಸು. ಷಷ್ಠಿಯಲ್ಲಿ ಅದು ‘ಅಂದ್ರೋಸ್’ ಆಗುತ್ತದೆ. ಹಾಗಾಗಿ ಹೆಸರಿನ ಅರ್ಥ ‘ಪೌರುಷವುಳ್ಳವನು, ಧೀರ’. ನಮ್ಮ ಫೋನಿನ ‘ಆಂಡ್ರಾಯ್ಡ್’ನಲ್ಲಿರುವುದೂ ಇದೇ ಧಾತು. ಸಂಸ್ಕೃತದ ‘ನೃ’, ‘ನರ’ ಕೂಡ ಅದರ ದಾಯಾದಿಗಳೇ! ಯೇಸುವಿನ ಶಿಷ್ಯ, ಪೇತ್ರನ ತಮ್ಮನೋ ಅಣ್ಣನೋ ಆದ ಬೆಸ್ತ ಅಂದ್ರೆಯನಿಂದಾಗಿ ಹೆಸರು ಕ್ರೈಸ್ತ ಜಗತ್ತಿಗೆ ಹಬ್ಬಿತು. ಅವನ ಹಬ್ಬ ನವೆಂಬರ್ 30. ಇಟಲಿಯಲ್ಲಿ ಆ ಹೆಸರಿನವರಿಗೆ ಶುಭಾಶಯ ಹೇಳುವ ದಿನವೂ ಅದೇ.

ಗೊಂದಲಕ್ಕೆ ಕಾರಣ ಕೊನೆಯ ‘ಆ’. ಇಟಾಲಿಯನ್ನಿನಲ್ಲಿ ಅದು ಸಾಮಾನ್ಯವಾಗಿ ಹೆಣ್ಣಿನ ಗುರುತು, ಆದರೆ ಲೂಕಾ, ನಿಕೋಲಾ, ಮತ್ತೀಯಾ ಇವೂ ಗಂಡು ಹೆಸರುಗಳೇ. ಜರ್ಮನಿ, ಸ್ಪೇನ್‌ಗಳಂಥ ದೇಶಗಳಲ್ಲಾದರೋ ಆಂಡ್ರಿಯಾ ಹೆಣ್ಣು ಹೆಸರು. ಹೆಸರು ಮಗುವಿನ ಲಿಂಗಕ್ಕೆ ಹೊಂದಬೇಕೆಂಬ ನಿಯಮ ಇಟಲಿಯಲ್ಲಿದೆ. ಆದರೂ ಹೆಣ್ಣುಮಗುವಿಗೆ ಇದನ್ನು ಇಡಬಹುದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ಒಪ್ಪಿತು. ಹಳೆಯ ಸ್ತ್ರೀರೂಪ ‘ಆಂದ್ರೆಯೀನಾ’.

ಉಚ್ಚಾರ: ಅಂ-ದ್ರೇ-ಆ. ಒತ್ತು ನಡುವಿನ ‘ದ್ರೇ’ ಮೇಲೆ. ‘ಡ’ ಅಲ್ಲ, ‘ದ’. ‘ಆಂಡ್ರಿಯಾ’ ಎಂಬುದು ಇಂಗ್ಲಿಷ್ ದಾರಿಯಲ್ಲಿ ಬಂದ ರೂಪ.