ಪ್ರಯೋಗದಲ್ಲಿ ಮೊದಲು ಬಂದ ಭತ್ತದ ತಳಿ ಮಳೆಯಾಶ್ರಿತ ಗದ್ದೆಯಲ್ಲಿ ಯಾಕೆ ಸೋಲುತ್ತದೆ?

ಹಲವು ಕಡೆ ಬೆಳೆದು ನೋಡಿದ ಪ್ರಯೋಗದಲ್ಲಿ ಸರಾಸರಿ ಇಳುವರಿಯಲ್ಲಿ ಮೊದಲು ಬಂದ ತಳಿ, ನಿಮ್ಮ ಮಳೆಯಾಶ್ರಿತ ಗದ್ದೆಯಲ್ಲಿ ಹಳೆಯದಕ್ಕಿಂತ ಕಡಿಮೆ ಕೊಟ್ಟಿತು, ಹಾಗಾದರೆ ಆ ಪಟ್ಟಿ ಸುಳ್ಳಾ ಅಂತ ಕೇಳಿದ್ದೀರಿ. ಸುಳ್ಳಲ್ಲ. ಆದರೆ ನಿಮಗೆ ಬೇಕಾದ ಉತ್ತರ ಸರಾಸರಿಯಲ್ಲಿ ಸಿಗುವುದಿಲ್ಲ. ಇಂಥ ಪ್ರಯೋಗಗಳ ಲೆಕ್ಕ ನೋಡುವುದೇ ನನ್ನ ಕೆಲಸ. ತಳಿಯ ಹೆಸರಿಗಿಂತ ಮೊದಲು ನಾನು ಕೇಳುವುದು ಇದನ್ನು: ಪೈರು ಹೂ ಬಿಡುವ ಹೊತ್ತಿಗೆ ಅಲ್ಲಿ ನೀರಿತ್ತಾ?

ಒಟ್ಟು ಎಷ್ಟು ಮಳೆ ಬಿತ್ತು ಅನ್ನುವುದರಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಪೈರು ಎಳೆಯದಿದ್ದಾಗ ಹತ್ತು ಹದಿನೈದು ದಿನ ಮಳೆ ಕೈಕೊಟ್ಟರೆ ಸೊರಗುತ್ತದೆ, ಆಮೇಲೆ ಹೊಸ ತೆಂಡೆ ಒಡೆದು ಚೇತರಿಸಿಕೊಳ್ಳಬಹುದು. ಅಷ್ಟೇ ದಿನ ತೆನೆ ಹೊರಡುವಾಗ ಕೈಕೊಟ್ಟರೆ ಕಥೆಯೇ ಬೇರೆ. ತೆನೆ ಪೂರ್ತಿ ಹೊರಗೆ ಬರುವುದಿಲ್ಲ, ಬುಡದ ಭಾಗ ಕೊನೆಯ ಎಲೆಯ ಕವಚದೊಳಗೇ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸಿ ಕಾಳನ್ನು ಬೆರಳಲ್ಲಿ ಒತ್ತಿ ನೋಡಿ, ಬಹುಪಾಲು ಜೊಳ್ಳು. ಆಮೇಲೆ ಎಷ್ಟು ಮಳೆ ಬಂದರೂ ಅವು ತುಂಬುವುದಿಲ್ಲ.

ಹಾಗಾಗಿ ಮಳೆ ಬೇಗ ನಿಲ್ಲುವ ಕಡೆ ಅಲ್ಪಾವಧಿ ತಳಿ ಬರ ಬರುವ ಮೊದಲೇ ಕಾಳು ಕಟ್ಟಿ ತಪ್ಪಿಸಿಕೊಳ್ಳುತ್ತದೆ. ಮಳೆ ಕೊನೆಯವರೆಗೂ ಇದ್ದರೆ ದೀರ್ಘಾವಧಿ ತಳಿ ಜಾಸ್ತಿ ದಿನ ಬೆಳೆದು ಅದನ್ನು ಹಿಂದೆ ಹಾಕುತ್ತದೆ. ಇದಕ್ಕೆ ಬೇರೆ ಬೇರೆ ಊರೇ ಬೇಕಿಲ್ಲ. ಒಂದೇ ಇಳಿಜಾರಿನಲ್ಲಿ ಮೇಲಿನ ಗದ್ದೆ ಒಣಗಿರುವಾಗ ತಗ್ಗಿನ ಗದ್ದೆಯಲ್ಲಿ ನೀರು ನಿಂತಿರುತ್ತದೆ, ಅಲ್ವಾ?

ನೀರು ಜಾಸ್ತಿಯಾದಾಗಲೂ ಹೀಗೆಯೇ. ಎಫ್‌ಆರ್13ಎ ಎಂಬ ಒಡಿಶಾದ ಭತ್ತದಿಂದ ಬಂದ ಸಬ್1 ಗುಣವಿರುವ ಪೈರು ಮುಳುಗಿದಾಗ ಉದ್ದಕ್ಕೆ ಬೆಳೆಯಲು ಹೋಗುವುದಿಲ್ಲ. ಕೂಡಿಟ್ಟ ಸಕ್ಕರೆ ಉಳಿಸಿಕೊಂಡು ಸುಮ್ನೆ ಇರುತ್ತದೆ, ನೀರು ಇಳಿದ ಮೇಲೆ ಮತ್ತೆ ಚಿಗುರುತ್ತದೆ. ಎರಡು ವಾರದ ಹತ್ತಿರ ತಡೆಯುತ್ತದೆ. ಸ್ವರ್ಣ ತಳಿಗೆ ಈ ಗುಣ ಸೇರಿಸಿ ಮಾಡಿದ ಸ್ವರ್ಣ-ಸಬ್1 ನೆರೆ ಬಾರದ ವರ್ಷ ಹೆಚ್ಚುಕಡಿಮೆ ಸ್ವರ್ಣದಷ್ಟೇ ಕೊಡುತ್ತದೆ. ಈ ಕೆಲಸದ ಬಗ್ಗೆ ನನಗೆ ತುಂಬಾ ಗೌರವ. ಆದರೆ ನೀರು ತಿಂಗಳುಗಟ್ಟಲೆ ಆಳವಾಗಿ ನಿಲ್ಲುವ ಕಡೆ ಇದೇ ಗುಣ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ನೀರಿನ ಜೊತೆ ಕಾಂಡ ಉದ್ದ ಮಾಡಿಕೊಂಡು ಎಲೆ ಮೇಲಿಡುವ ತಳಿಯೇ ಬದುಕುತ್ತದೆ.

ಜಾಗ, ವರ್ಷ ಬದಲಾದ ಹಾಗೆ ತಳಿಯ ಇಳುವರಿ ಎಷ್ಟು ಏರಿಳಿಯುತ್ತದೆ ಅಂತ ಅಳೆಯಲು ಒಂದು ಹಳೆಯ ದಾರಿ ಇದೆ. 1963ರಲ್ಲಿ ಫಿನ್ಲೆ ಮತ್ತು ವಿಲ್ಕಿನ್ಸನ್ ಎಂಬ ವಿಜ್ಞಾನಿಗಳು ಆಸ್ಟ್ರೇಲಿಯಾದಲ್ಲಿ ಬಾರ್ಲಿ ತಳಿಗಳ ಮೇಲೆ ಮಾಡಿ ತೋರಿಸಿದ್ದು. ಒಂದೊಂದು ಪ್ರಯೋಗದಲ್ಲಿ ಎಲ್ಲ ತಳಿಗಳ ಸರಾಸರಿ ಎಷ್ಟೋ, ಅದನ್ನೇ ಆ ಜಾಗದ ಮತ್ತು ಆ ವರ್ಷದ ಒಳ್ಳೆಯತನದ ಅಳತೆ ಅಂತ ಇಟ್ಟುಕೊಳ್ಳುತ್ತಾರೆ. ಅದರ ಎದುರು ಒಂದು ತಳಿಯ ಇಳುವರಿ ಗುರುತಿಸಿ ಗೆರೆ ಎಳೆದರೆ, ಆ ಗೆರೆಯ ಇಳಿಜಾರು, ಅಂದರೆ ಸರಾಸರಿ ಒಂದು ಪಾಲು ಏರಿದಾಗ ಆ ತಳಿ ಎಷ್ಟು ಪಾಲು ಏರುತ್ತದೆ ಅನ್ನುವುದು, ಗೊತ್ತಾಗುತ್ತದೆ. ಅದು 1ಕ್ಕಿಂತ ಜಾಸ್ತಿ ಇರುವ ತಳಿ ಒಳ್ಳೆಯ ಕಡೆ ಚೆನ್ನಾಗಿ ಏರುತ್ತದೆ, ಕಷ್ಟದ ಕಡೆ ಅಷ್ಟೇ ಜೋರಾಗಿ ಇಳಿಯುತ್ತದೆ. 1ಕ್ಕಿಂತ ಕಡಿಮೆ ಇದ್ದರೆ ಏರಿಳಿತ ಕಡಿಮೆ. ಅಷ್ಟಕ್ಕೇ ಅದನ್ನು ಒಳ್ಳೆಯ ತಳಿ ಅನ್ನಬೇಡಿ. ಎಲ್ಲ ಕಡೆಯೂ ಕಡಿಮೆ ಕೊಡುವ ತಳಿಗೂ ಇಂಥದೇ ಗೆರೆ ಬರುತ್ತದೆ.

ಮುಂದಿನ ಸಲ ಸರಾಸರಿಯ ಬದಲು ಪ್ರತಿ ಜಾಗದ, ಪ್ರತಿ ವರ್ಷದ ಅಂಕಿ ಬೇರೆಬೇರೆಯಾಗಿ ಕೇಳಿ ಪಡೆಯಿರಿ. ನಿಮ್ಮಂಥ ಮಣ್ಣು, ನಿಮ್ಮ ಹಾಗೆ ಮಳೆ ನಿಲ್ಲುವ ಕಾಲ ಇರುವ ಸಾಲುಗಳನ್ನು ಮಾತ್ರ ನೋಡಿ. ಬಿತ್ತಿದ ಎಷ್ಟು ದಿನಕ್ಕೆ ಹೂ ಬಂತು ಅನ್ನುವ ಕಾಲಂ ಇದ್ದರೆ ಇಳುವರಿಗಿಂತ ಮೊದಲು ಅದನ್ನು ಓದಿ. ಒಂದೇ ವರ್ಷದ ಅಂಕಿ ನಂಬಿ ಇಡೀ ಗದ್ದೆಯ ತಳಿ ಬದಲಿಸಬೇಡಿ. ಅವಧಿ ಬೇರೆ ಇರುವ ಎರಡು ತಳಿಗಳನ್ನು ಮೇಲಿನ ಗದ್ದೆಗೊಂದು, ತಗ್ಗಿಗೊಂದು ಹಾಕಿ, ಎರಡರಲ್ಲೂ ತೆನೆ ಹೊರಟ ದಿನ ಬರೆದಿಟ್ಟುಕೊಳ್ಳಿ.