ಹೊಸ ಸೆಲ್ ಹಾಕಿದರೂ ಕ್ಯಾಮೆರಾ ಆಫ್ ಆಗುವುದೇಕೆ?

ಪ್ರಶ್ನೆ: ಬೀರುವಿನಲ್ಲಿ ಬಿದ್ದಿದ್ದ ಹಳೆಯ ಡಿಜಿಟಲ್ ಕ್ಯಾಮೆರಾವನ್ನು ಮಗಳು ಈಗ ಆಸೆಯಿಂದ ಬಳಸುತ್ತಿದ್ದಾಳೆ. ಅದಕ್ಕೆ ಎರಡು ಪೆನ್ಸಿಲ್ ಸೆಲ್ (ಎಎ ಸೈಜು) ಬೇಕು. ಹೊಸ ಆಲ್ಕಲೈನ್ ಸೆಲ್ ಹಾಕಿದರೂ ನಲವತ್ತು-ಐವತ್ತು ಫೋಟೊ ಆಗುವಷ್ಟರಲ್ಲಿ ‘ಬ್ಯಾಟರಿ ಬದಲಿಸಿ’ ಅನ್ನುತ್ತದೆ. ಆನ್‌ಲೈನ್‌ನಲ್ಲಿ 4600 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ) ಅಂತ ಬರೆದ ರೀಚಾರ್ಜಬಲ್ ಸೆಲ್ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಅದನ್ನು ಮಾತ್ರ ಕೊಳ್ಳಬೇಡಿ. ಎಎ ಸೈಜಿನ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ನಲ್ಲಿ (ಮಾಮೂಲಿ ರೀಚಾರ್ಜಬಲ್ ಸೆಲ್ ಅಂದರೆ ಇದೇ) 2700-2800 ಎಂಎಎಚ್‌ಗಿಂತ ಜಾಸ್ತಿ ಹಿಡಿಸುವುದೇ ಕಷ್ಟ. 4600 ಅನ್ನುವುದು ಲೇಬಲ್ ಮೇಲಿನ ಸುಳ್ಳು, ಅಷ್ಟೇ.

ನಿಮ್ಮ ಆಲ್ಕಲೈನ್ ಸೆಲ್ ನಿಜವಾಗಿ ಖಾಲಿ ಆಗಿಲ್ಲ. ಕ್ಯಾಮೆರಾ ‘ಸತ್ತಿದೆ’ ಅಂದ ಸೆಲ್ಲನ್ನೇ ಗೋಡೆ ಗಡಿಯಾರಕ್ಕೆ ಹಾಕಿ ನೋಡಿ, ತಿಂಗಳುಗಟ್ಟಲೆ ಓಡುತ್ತದೆ. ಸಂಪಿನ ತುಂಬ ನೀರಿದ್ದರೂ ಪೈಪು ಸಣ್ಣದಾದರೆ ಬಕೆಟ್ ಬೇಗ ತುಂಬುತ್ತದೆಯೇ? ಇಲ್ಲೂ ಹಾಗೆಯೇ. ಲೆನ್ಸ್ ಹೊರಗೆ ಬರುವಾಗ, ಫ್ಲ್ಯಾಶ್ ಚಾರ್ಜ್ ಆಗುವಾಗ ಕ್ಯಾಮೆರಾ ಒಂದೇ ಏಟಿಗೆ ತುಂಬ ಕರೆಂಟ್ ಎಳೆಯುತ್ತದೆ. ಆಲ್ಕಲೈನ್ ಸೆಲ್‌ನ ಒಳಗಿನ ತಡೆ ಜಾಸ್ತಿ. ಹಾಗಾಗಿ ಆ ಕ್ಷಣ ವೋಲ್ಟೇಜ್ ಕುಸಿಯುತ್ತದೆ, ಲೆನ್ಸ್ ಅರ್ಧಕ್ಕೇ ನಿಂತು ಕ್ಯಾಮೆರಾ ಆಫ್.

ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಮೇಲೆ ಬರೆದಿರುವುದು 1.2 ವೋಲ್ಟ್ ಮಾತ್ರ. ಆದರೆ ಎಷ್ಟು ಎಳೆದರೂ ಕೊನೆಯವರೆಗೆ ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತದೆ. 2007ರ ಕ್ಯಾನನ್ ಪವರ್‌ಶಾಟ್ ಎ570 ಐಎಸ್ ಕ್ಯಾಮೆರಾಕ್ಕೆ ಕಂಪನಿಯೇ ಕೊಟ್ಟ ಲೆಕ್ಕ ನೋಡಿ: ಆಲ್ಕಲೈನ್ ಹಾಕಿದರೆ ಸುಮಾರು 120 ಫೋಟೊ, ನಿಕಲ್ ಮೆಟಲ್ ಹೈಡ್ರೈಡ್ ಹಾಕಿದರೆ ಸುಮಾರು 400.

ಇವುಗಳಲ್ಲೂ ದೊಡ್ಡ ನಂಬರಿನ ಹಿಂದೆ ಹೋಗಬೇಡಿ. 2700ರ ಮಾಮೂಲಿ ಸೆಲ್ ಚಾರ್ಜ್ ಮಾಡಿ ಸುಮ್ನೆ ಇಟ್ಟರೂ ತಾನಾಗಿ ಇಳಿಯುತ್ತಾ ಹೋಗುತ್ತದೆ. ಮನೆ ಕ್ಯಾಮೆರಾ ಹೊರಗೆ ಬರುವುದೇ ಹಬ್ಬಕ್ಕೆ, ಮದುವೆಗೆ ಅಲ್ವಾ? ಅದಕ್ಕೆ ಚಾರ್ಜ್ ಹಿಡಿದಿಟ್ಟುಕೊಳ್ಳುವ 2000 ಎಂಎಎಚ್ ಸೆಲ್ಲೇ ಒಳ್ಳೆಯದು. ಸಾನ್ಯೊ ಕಂಪನಿ 2005ರಲ್ಲಿ ತಂದ, ಈಗ ಪ್ಯಾನಾಸೋನಿಕ್ ಮಾರುವ ಎನೆಲೂಪ್ ಈ ಜಾತಿಯದು. ಬೇರೆ ಕಂಪನಿಗಳದ್ದೂ ಇವೆ. ಪ್ಯಾಕೆಟ್ ಮೇಲೆ ‘ಪ್ರೀ-ಚಾರ್ಜ್ಡ್’ ಅಂತ ಇದೆಯಾ ನೋಡಿ. ನಾಲ್ಕು ಕೊಂಡರೆ ಎರಡು ಕ್ಯಾಮೆರಾದಲ್ಲಿ, ಎರಡು ಜೇಬಿನಲ್ಲಿ. ಜೋಡಿ ಅದಲುಬದಲು ಆಗದಂತೆ ಪೆನ್ನಿನಲ್ಲಿ ಗುರುತು ಹಾಕಿ.

ಚಾರ್ಜರ್ ವಿಷಯದಲ್ಲಿ ಜಿಪುಣತನ ಬೇಡ. ಒಂದೊಂದು ಸೆಲ್ಲನ್ನೂ ಬೇರೆಬೇರೆಯಾಗಿ ನೋಡಿಕೊಂಡು, ತುಂಬಿದ ಕೂಡಲೇ ನಿಲ್ಲಿಸುವಂಥದ್ದೇ ಇರಲಿ. ರಾತ್ರಿಯಿಡೀ ಕಾಯಿಸುತ್ತಲೇ ಇರುವ ಅಗ್ಗದ ಚಾರ್ಜರ್ ಒಳ್ಳೆ ಸೆಲ್ಲನ್ನೂ ಹಾಳು ಮಾಡುತ್ತದೆ.

ಲಡಾಖ್ ಕಡೆ ಚಳಿಗೆ ಹೊರಟರೆ ಮಾತ್ರ 1.5 ವೋಲ್ಟ್‌ನ ಲಿಥಿಯಂ ಎಎ ಸೆಲ್ ಒಯ್ಯಿರಿ. ಹಗುರ, ಚಳಿಗೆ ಜಗ್ಗುವುದಿಲ್ಲ. ಬೆಲೆ ಜಾಸ್ತಿ, ರೀಚಾರ್ಜ್ ಮಾಡುವ ಹಾಗಿಲ್ಲ. ಎಚ್ಚರ: ಅದೇ ಅಳತೆಯ, 14500 ಅನ್ನುವ 3.7 ವೋಲ್ಟ್ ಸೆಲ್ ಕೂಡ ಮಾರುಕಟ್ಟೆಯಲ್ಲಿದೆ. ಅಂಥವು ಎರಡು ಸೇರಿದರೆ 7.4 ವೋಲ್ಟ್. ಕ್ಯಾಮೆರಾ ಸುಟ್ಟೇ ಹೋಗಬಹುದು.

ಸೆಲ್ ಬದಲಿಸಿದ ಮೇಲೆ ಮೆನುವಿನಲ್ಲಿ ‘ಬ್ಯಾಟರಿ ಟೈಪ್’ ಇದ್ದರೆ ಅದನ್ನೂ ಬದಲಿಸಿ. ಇಲ್ಲದಿದ್ದರೆ ತುಂಬಿದ ಸೆಲ್ಲಿಗೂ ಕೆಂಪು ಗುರುತು ತೋರಿಸಬಹುದು. ಸೆಲ್ ಕೂರುವ ಜಾಗದ ಲೋಹದ ಪಟ್ಟಿ ಮೇಲೆ ಬಿಳಿ ಪುಡಿಯೋ ಹಸಿರು ಕಿಲುಬೋ ಇದ್ದರೆ, ಅದು ಹಿಂದೆ ಸೋರಿದ ಆಲ್ಕಲೈನ್‌ದು. ಇಯರ್‌ಬಡ್ಡಿಗೆ ಒಂದು ಹನಿ ವಿನೆಗರ್ ತಾಗಿಸಿ ಒರೆಸಿ, ಚೆನ್ನಾಗಿ ಒಣಗಿಸಿ. ಇಷ್ಟಾದ ಮೇಲೂ ಒಳ್ಳೆಯ ಸೆಲ್ ಐವತ್ತು ಫೋಟೊಕ್ಕೇ ಮುಗಿದರೆ, ತೊಂದರೆ ಕ್ಯಾಮೆರಾದೊಳಗೇ ಇದೆ. ರಿಪೇರಿಯವರಿಗೆ ತೋರಿಸಿ.