ವೈಶಾಖದಲ್ಲಿ ಮದುವೆ, ಹನಿಮೂನ್‌ಗೆ ಯಾವ ದ್ವೀಪ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೇ ಎರಡನೇ ವಾರ ನನ್ನ ಮದುವೆ. ಹುಡುಗಿ ಸಿಂಧನೂರಿನವಳು. ಮೇ ಕೊನೆಯಲ್ಲಿ ಯಾವುದಾದರೂ ದ್ವೀಪಕ್ಕೆ ಕರೆದುಕೊಂಡು ಹೋಗಬೇಕು ಅಂತ ಆಸೆ. ಗೆಳೆಯರೆಲ್ಲ ಮಾಲ್ಡೀವ್ಸ್ ಅಂತಾರೆ, ನೀರಿನ ಮೇಲೆ ಕಟ್ಟಿದ ಮನೆಯಲ್ಲೇ ಇರಬೇಕಂತೆ. ಸೋದರಮಾವ ಮಾತ್ರ ಅಂಡಮಾನ್ ಸಾಕು, ಪಾಸ್‌ಪೋರ್ಟ್ ಗೊಡವೆಯೇ ಇಲ್ಲ ಅಂತಾರೆ. ಒಂದೂವರೆ ಲಕ್ಷ ಕೂಡಿಟ್ಟಿದ್ದೇನೆ. ಆಕೆ ಶುದ್ಧ ಸಸ್ಯಾಹಾರಿ. ಇಬ್ಬರೂ ಇನ್ನೂ ವಿಮಾನ ಹತ್ತಿಲ್ಲ. ಆಕೆಗೆ ಏನೂ ಹೇಳಿಲ್ಲ, ಸರ್ಪ್ರೈಸ್ ಕೊಡಬೇಕು ಅಂತಿದ್ದೇನೆ. ಎಲ್ಲಿಗೆ ಹೋಗಲಿ?
– ಹೆಸರು ಬೇಡ, ಗಂಗಾವತಿ

ಉತ್ತರ: ತಮ್ಮಾ, ಮೊದಲು ಸರ್ಪ್ರೈಸ್ ಮಾತು ಬಿಡಿ. ಇವತ್ತು ರಾತ್ರಿ ಫೋನ್ ಮಾಡಿದಾಗಲೇ ಆಕೆಯನ್ನು ಕೇಳಿ. ಸಮುದ್ರ ಇಷ್ಟವಾ, ದೋಣಿ ಹತ್ತಿದರೆ ವಾಂತಿ ಬರುತ್ತದಾ, ದಿನವಿಡೀ ಸುಮ್ನೆ ಕೂತಿರುವುದು ಬೇಕಾ ಇಲ್ಲ ಊರು ಸುತ್ತಬೇಕಾ, ಎಲ್ಲಾ ಕೇಳಿ. ಹೊರದೇಶಕ್ಕಾದರೆ ಗುಟ್ಟು ಮಾಡಲು ಆಗುವುದೇ ಇಲ್ಲ. ಪಾಸ್‌ಪೋರ್ಟ್‌ಗೆ ಆಕೆಯೇ ಹೋಗಿ ಬೆರಳಚ್ಚು ಕೊಡಬೇಕು, ಅವರ ಮನೆಗೆ ಪೊಲೀಸ್ ವೆರಿಫಿಕೇಶನ್ ಬರುತ್ತದೆ. ಇನ್ನೊಂದು ಮಾತು. ಮದುವೆಯಾದ ತಕ್ಷಣ ಹೆಸರು ಬದಲಿಸುವ ಅವಸರ ಬೇಡ. ಪಾಸ್‌ಪೋರ್ಟ್‌ನಲ್ಲಿ ತವರಿನ ಹೆಸರಿದ್ದರೆ ಟಿಕೆಟ್ಟೂ ಅದೇ ಹೆಸರಿನಲ್ಲಿ ಇರಲಿ. ಎರಡರಲ್ಲಿ ಹೆಸರು ಬೇರೆಯಾದರೆ ವಿಮಾನ ನಿಲ್ದಾಣದಲ್ಲೇ ನಿಲ್ಲಿಸುತ್ತಾರೆ.

ಇನ್ನು ದ್ವೀಪದ ಮಾತು. ನೀವು ಹಣ ಹೇಳಿದ್ದೀರಿ, ಊಟ ಹೇಳಿದ್ದೀರಿ, ಆದರೆ ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ತಿಂಗಳು. ಪ್ರತಿ ವರ್ಷ ಮೇ ಮೂರನೇ ವಾರದ ಹೊತ್ತಿಗೆ "ಅಂಡಮಾನಿಗೆ ಮುಂಗಾರು ಬಂತು" ಅಂತ ಟಿವಿಯಲ್ಲಿ ಹೇಳುತ್ತಾರಲ್ಲ, ನಮ್ಮ ಕಡೆ ಎಲ್ಲರೂ ಕಿವಿ ನಿಮಿರಿಸಿ ಕೇಳುವ ಸುದ್ದಿ ಅದು, ಡ್ಯಾಮಿಗೆ ನೀರು ಯಾವಾಗ ಬಂದೀತು, ಸಸಿ ಮಡಿ ಯಾವಾಗ ಮಾಡೋಣ ಅನ್ನುವ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಆ ಮಳೆ ಮೊದಲು ಬಂದು ಬೀಳುವ ಸಮುದ್ರಕ್ಕೇ, ಅದು ಬೀಳುವ ವಾರದಲ್ಲೇ ನೀವು ಹೆಂಡತಿಯನ್ನು ಕರೆದುಕೊಂಡು ಹೋಗಲು ಹೊರಟಿದ್ದೀರಿ.

ಇದನ್ನು ನಾನು ಅನುಭವಿಸಿದ್ದೇನೆ. ನಮ್ಮ ಮದುವೆಯೂ ವೈಶಾಖದಲ್ಲೇ ಆಗಿದ್ದು. ಹೊಸಪೇಟೆಯಿಂದ ರಾತ್ರಿ ರೈಲಿಗೆ ಬೆಂಗಳೂರು, ಅಲ್ಲಿಂದ ಚೆನ್ನೈ, ಅಲ್ಲಿಂದ ಅಂಡಮಾನ್. ಪ್ಯಾಕೇಜ್ ಕೊಟ್ಟ ಏಜೆಂಟ್ ಮಳೆಯ ಮಾತೇ ಎತ್ತಿರಲಿಲ್ಲ. ಹ್ಯಾವ್‌ಲಾಕ್ ದ್ವೀಪದಲ್ಲಿ ಎರಡು ದಿನ ರೂಮಿನ ಕಿಟಕಿಯಿಂದಲೇ ಸಮುದ್ರ ನೋಡಿದೆವು. ಮೂರನೇ ದಿನ ವಾಪಸ್ ಬರಲು ಜೆಟ್ಟಿಗೆ ಹೋದರೆ, ಗಾಳಿ ಜಾಸ್ತಿ, ಫೆರಿ ಬಿಡುವುದಿಲ್ಲ ಅಂದರು. ಮರುದಿನ ಬೆಳಿಗ್ಗೆಯೇ ನಮ್ಮ ವಿಮಾನ. ತಗಡಿನ ಸೂರಿನ ಅಂಚಿನಿಂದ ನೀರು ಧಾರೆಯಾಗಿ ಬೀಳುತ್ತಿತ್ತು, ನನ್ನ ಹೊಸ ಸೀರೆಯ ನೆರಿಗೆ ಮೊಣಕಾಲಿನವರೆಗೂ ಒದ್ದೆ. ಅಮ್ಮ ಕಟ್ಟಿಕೊಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬ್ಯಾಗಿನ ಮೇಲೆ ಹರವಿಕೊಂಡು ಇಬ್ಬರೂ ಮಾತಿಲ್ಲದೆ ತಿಂದೆವು. ವಿಮಾನ ತಪ್ಪಿತು, ಟಿಕೆಟ್ ಹಣ ಹೋಯಿತು, ಹೊಸ ಟಿಕೆಟ್‌ಗೆ ಅಪ್ಪನಿಗೆ ಫೋನ್ ಮಾಡಿ ಹಣ ಹಾಕಿಸಿಕೊಂಡೆವು. ಮದುವೆಯಾಗಿ ಹನ್ನೆರಡೇ ದಿನ. ಆ ಫೋನ್ ಮಾಡುವಾಗ ನನ್ನ ಗಂಡನ ಮುಖ ಹೇಗಿತ್ತು ಅನ್ನುವುದು ಇವತ್ತಿಗೂ ಕಣ್ಣ ಮುಂದೆ ಇದೆ.

ಮೂರು ವರ್ಷ ಬಿಟ್ಟು ಫೆಬ್ರವರಿಯಲ್ಲಿ ಅಲ್ಲಿಗೇ ಮತ್ತೆ ಹೋದೆವು. ಅದೇ ದ್ವೀಪ ಅಂತ ನಂಬಲಿಕ್ಕೇ ಆಗಲಿಲ್ಲ. ರಾಧಾನಗರ ಬೀಚಿನಲ್ಲಿ ಸೊಂಟದವರೆಗೆ ನೀರಿಗೆ ಇಳಿದು ನಿಂತರೆ ಕಾಲುಂಗುರ ಕಾಣುತ್ತಿತ್ತು. ಗಡಿಯಾರ ನಮ್ಮದೇ ಆದರೂ ಆ ದ್ವೀಪಗಳು ತುಂಬಾ ಪೂರ್ವಕ್ಕಿವೆ, ಹಾಗಾಗಿ ಸಂಜೆ ಐದೂವರೆ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ಮಲಗಿ ನಿಧಾನ ಹೊರಟರೆ ಸಿಗುವುದಿಲ್ಲ.

ಅಂಡಮಾನಿಗೆ ಡಿಸೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಹೋಗಿ. ಮಾವನವರ ಮಾತು ತಪ್ಪಲ್ಲ, ತಿಂಗಳು ಮಾತ್ರ ಹೊಂದುವುದಿಲ್ಲ. ಯಾವಾಗ ಹೋದರೂ ಕೊನೆಯ ರಾತ್ರಿ ವಿಮಾನ ಹತ್ತುವ ಪೋರ್ಟ್ ಬ್ಲೇರ್‌ನಲ್ಲೇ ಇರಲಿ. ಅದಕ್ಕೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರು ಬದಲಾಗಿದೆ. ಹ್ಯಾವ್‌ಲಾಕ್ 2018ರಲ್ಲೇ ಸ್ವರಾಜ್ ದ್ವೀಪ ಆಯಿತು, ಟಿಕೆಟ್ ಹುಡುಕುವಾಗ ಎರಡೂ ಹೆಸರು ನೋಡಿ. ಆ ದಿನ ಸಂಜೆ ಅಲ್ಲಿನ ಸೆಲ್ಯುಲಾರ್ ಜೈಲು, ಸ್ವಾತಂತ್ರ್ಯ ಹೋರಾಟಗಾರರನ್ನು ಇಟ್ಟಿದ್ದ ಜೈಲು, ನೋಡಿ. ಹನಿಮೂನ್‌ನಲ್ಲಿ ಜೈಲಾ ಅನ್ನಬೇಡಿ. ನಾವಿಬ್ಬರೂ ಆ ಎರಡು ಪ್ರವಾಸದಲ್ಲಿ ಅತಿ ಹೆಚ್ಚು ಹೊತ್ತು ಮಾತಾಡಿದ್ದು ಅಲ್ಲಿಂದ ಹೊರಗೆ ಬಂದ ಮೇಲೆ.

ಮಾಲ್ಡೀವ್ಸ್ ಕೂಡ ಮೇ ಕೊನೆಯಲ್ಲಿ ಮಳೆಗಾಲದಲ್ಲೇ ಇರುತ್ತದೆ. ಹೊತ್ತುಹೊತ್ತಿಗೆ ಮಳೆ ಬಂದು ಮತ್ತೆ ಬಿಸಿಲಾಗುವುದೂ ಉಂಟು, ಬಾಡಿಗೆಯೂ ಕಡಿಮೆ ಇರುತ್ತದೆ, ಅದಕ್ಕೇ ಗೆಳೆಯರಿಗೆ ಅಗ್ಗದ ಜಾಹೀರಾತು ಕಂಡಿರಬೇಕು. ಆದರೆ ಜಾಹೀರಾತಿನ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಇದೆಯಾ ನೋಡಿ. ಅಂದರೆ ಸರ್ವಿಸ್ ಚಾರ್ಜ್ ಮತ್ತು ಜಿಎಸ್‌ಟಿ ಬೇರೆ. ಪ್ರವಾಸಿಗರ ಜಿಎಸ್‌ಟಿ 2025ರ ಜುಲೈಯಿಂದ ಶೇ 17 ಆಗಿದೆ. ಇದರ ಮೇಲೆ ರೆಸಾರ್ಟ್‌ನಲ್ಲಿ ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ, ಇಬ್ಬರಿಗೆ ನಾಲ್ಕು ದಿನಕ್ಕೆ 96 ಡಾಲರ್ ಅಲ್ಲೇ ಹೋಯಿತು. ವಿಮಾನ ಇಳಿದ ಮೇಲೆ ರೆಸಾರ್ಟ್ ಮುಟ್ಟಲು ಸ್ಪೀಡ್ ಬೋಟ್ ಅಥವಾ ನೀರಿನ ಮೇಲೆ ಇಳಿಯುವ ಸೀಪ್ಲೇನ್ ಬೇಕು, ಸೀಪ್ಲೇನ್ ಆದರೆ ಹೋಗಿಬರಲು ಒಬ್ಬರಿಗೇ ನೂರಾರು ಡಾಲರ್. ಅದು ಹಗಲು ಮಾತ್ರ ಹಾರುತ್ತದೆ, ಸಂಜೆ ಇಳಿದರೆ ಆ ರಾತ್ರಿಯ ರೂಮಿನ ಖರ್ಚು ಬೇರೆ. ನಿಮ್ಮ ಒಂದೂವರೆ ಲಕ್ಷದಲ್ಲಿ ನೀರಿನ ಮನೆಯಲ್ಲಿ ಒಂದು-ಎರಡು ರಾತ್ರಿ ಆದೀತು, ಆಮೇಲೆ ಪ್ರತಿ ಊಟಕ್ಕೂ ಬೆಲೆ ನೋಡಿ ತಿನ್ನುವ ಹಾಗೆ ಆಗುತ್ತದೆ. ಹೊಸದಾಗಿ ಮದುವೆಯಾದವರು ಹಾಗೆ ಇರಬಾರದು. ಮಾಫುಶಿಯಂಥ ಊರಿನ ಜನ ಇರುವ ದ್ವೀಪದಲ್ಲಿ ಗೆಸ್ಟ್‌ಹೌಸ್ ಹಿಡಿದರೆ ಹಣ ಸಾಕಾಗುತ್ತದೆ. ಆದರೆ ಅಲ್ಲಿನ ಅಡುಗೆಯಲ್ಲಿ ಟ್ಯೂನಾ ಮೀನು ಇಲ್ಲದ್ದು ಕಡಿಮೆ, ಬೆಳಗಿನ ತಿಂಡಿ ಮಾಸ್ ಹುನಿ ಅಂದರೆ ತೆಂಗಿನ ತುರಿ, ಈರುಳ್ಳಿ ಜೊತೆ ಕಲಸಿದ ಟ್ಯೂನಾನೇ. ನಿಮ್ಮ ಮನೆಯವರಿಗೆ ಕಷ್ಟ. ಪೂಜೆಗೆ ಅಂತ ಚಿಕ್ಕ ವಿಗ್ರಹ ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಅದನ್ನೂ ಮನೆಯಲ್ಲೇ ಬಿಡಬೇಕು, ಆ ದೇಶದೊಳಗೆ ಒಯ್ಯುವ ಹಾಗಿಲ್ಲ.

ಹಾಗಾದರೆ ಮೇ ಕೊನೆಗೆ ಎಲ್ಲಿ? ಆಕೆಯೂ ಹೂಂ ಅಂದರೆ ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಹೋಗಿ. ಅಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ, ನಮಗೆ ಮುಂಗಾರು ಹಿಡಿದಾಗ ಅವರಿಗೆ ಬಿಸಿಲು. ಇಳಿದ ಮೇಲೆ ವೀಸಾ ಕೊಡುತ್ತಾರೆ, 30 ದಿನಕ್ಕೆ 5 ಲಕ್ಷ ರುಪಿಯಾ. ಸೊನ್ನೆ ನೋಡಿ ಗಾಬರಿಯಾಗಬೇಡಿ, ನಮ್ಮ ದುಡ್ಡಿನಲ್ಲಿ ಸುಮಾರು ಮೂರು ಸಾವಿರ. 2024ರಿಂದ ಪ್ರವಾಸಿಗರಿಗೆ ಇನ್ನೂ ಒಂದೂವರೆ ಲಕ್ಷ ರುಪಿಯಾ ಶುಲ್ಕ ಇದೆ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳಾದರೂ ಅವಧಿ ಇರಬೇಕು. ಟಿಕೆಟ್ ಈಗಲೇ ತೆಗೆದರೆ ನಿಮ್ಮ ಹಣದಲ್ಲಿ ಆರು ದಿನ ಆರಾಮಾಗಿ ಇದ್ದು ಬರಬಹುದು.

ಬಿಳಿ ಮರಳು, ನೀಲಿ ನೀರು ಅಂತ ಮಾತ್ರ ಕಲ್ಪಿಸಿಕೊಂಡು ಹೋಗಬೇಡಿ. ಬಾಲಿ ಜ್ವಾಲಾಮುಖಿಯ ನೆಲ, ಎಷ್ಟೋ ಕಡೆ ಮರಳು ಕಪ್ಪು. ಅಂಥ ನೀಲಿ ನೀರು ಬೇಕೇ ಬೇಕಾದರೆ ಅಲ್ಲಿನ ಕಡಲ ದಡದ ಊರು ಸಾನೂರಿನಿಂದ ದೋಣಿಯಲ್ಲಿ ಮುಕ್ಕಾಲು ಗಂಟೆ ದೂರದ ನುಸಾ ಪೆನಿಡಾ ದ್ವೀಪಕ್ಕೆ ಒಂದು ದಿನ ಹೋಗಿ ಬನ್ನಿ. ನನ್ನನ್ನು ಕೇಳಿದರೆ ಮೊದಲ ಮೂರು ರಾತ್ರಿ ಬಾಲಿಯ ಒಳನಾಡಿನ ಊರು ಉಬುದ್‌ನಲ್ಲಿ ಇರಿ. ನಿಮ್ಮಿಬ್ಬರಿಗೂ ಅಲ್ಲಿ ನೋಡಲು ಇರುವುದು ಭತ್ತದ ಗದ್ದೆ! ಗುಡ್ಡದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಗದ್ದೆ ಮಾಡಿದ್ದಾರೆ. ಮೇಲಿನವರ ನೀರು ಕೆಳಗಿನವರಿಗೆ ಹರಿಯಬೇಕು, ಯಾರು ಯಾವಾಗ ನಾಟಿ ಮಾಡಬೇಕು ಅನ್ನುವುದನ್ನು ರೈತರೇ ನೀರಿನ ಗುಡಿಯಲ್ಲಿ ಸೇರಿ ತೀರ್ಮಾನ ಮಾಡುತ್ತಾರೆ. ಸುಬಕ್ ಅಂತ ಅದರ ಹೆಸರು, ಸಾವಿರ ವರ್ಷಕ್ಕೂ ಹಳೆಯ ಪದ್ಧತಿ, 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ನೀವು ಕಾಲುವೆಯ ಮೇಲ್ಭಾಗದ ಊರಿನವರು, ಆಕೆ ಸಿಂಧನೂರಿನವಳು. ಕೊನೆ ಭಾಗಕ್ಕೆ ನೀರು ಮುಟ್ಟುವುದಿಲ್ಲ ಅನ್ನುವ ಗಲಾಟೆ ಇಬ್ಬರ ಮನೆಯಲ್ಲೂ ಕೇಳಿ ಬೆಳೆದವರು, ಆ ಗದ್ದೆಯ ಬದುವಿನ ಮೇಲೆ ನಿಂತರೆ ನಿಮಗೆ ಕಾಣುವುದು ಬೇರೆಯವರಿಗೆ ಕಾಣುವುದಿಲ್ಲ.

ಬೆಳಿಗ್ಗೆ ಎದ್ದರೆ ಪ್ರತಿ ಮನೆ, ಅಂಗಡಿಯ ಹೊಸ್ತಿಲಲ್ಲಿ ತೆಂಗಿನ ಗರಿಯ ಅಂಗೈಯಗಲದ ಬುಟ್ಟಿ, ಅದರಲ್ಲಿ ಹೂವು, ಚೂರು ಅನ್ನ, ಊದುಬತ್ತಿ ಇಟ್ಟಿರುತ್ತಾರೆ. ತುಳಿಯದೆ ದಾಟಿ. ಊಟಕ್ಕೆ ಸೋಯಾದಿಂದ ಮಾಡಿದ ತೋಫು, ಟೆಂಪೆ ಎಲ್ಲಾ ಕಡೆ ಸಿಗುತ್ತದೆ. ಆದರೆ ಸಾಂಬಾಲ್ ಅನ್ನುವ ಅವರ ಖಾರದ ಚಟ್ನಿಗೆ ಎಷ್ಟೋ ಸಲ ಸಿಗಡಿ ಅರೆದು ಹಾಕಿರುತ್ತಾರೆ, ತೆರಾಸಿ ಅಂತ ಕರೆಯುತ್ತಾರೆ. ಆ ಹೆಸರು ಹಿಡಿದೇ ಕೇಳಿ ತಿನ್ನಿ. ಸ್ಕೂಟಿ ಬಾಡಿಗೆಗೆ ಸಿಗುತ್ತದೆ, ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಮುಟ್ಟಬೇಡಿ. ಬಿದ್ದರೆ ವಿಮೆಯವರು ಹಣ ಕೊಡುವುದಿಲ್ಲ. ರೊಟ್ಟಿ, ಚಟ್ನಿಪುಡಿ ಮಾತ್ರ ಮರೆಯಬೇಡಿ.

ಪಾಸ್‌ಪೋರ್ಟ್ ಅಷ್ಟರೊಳಗೆ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಆಷಾಢಕ್ಕೆ ಹೇಗೂ ಆಕೆ ತವರಿಗೆ ಹೋಗುತ್ತಾಳೆ. ಸಂಕ್ರಾಂತಿ ಕಳೆದು ಅಂಡಮಾನಿಗೆ ಹೋಗಿ, ಆಗ ಮಾವನವರ ಮಾತೂ ನಡೆದ ಹಾಗಾಗುತ್ತದೆ.

ಪ್ರಶ್ನೆ: ಜನವರಿಯಲ್ಲಿ ತಂಗಿಯ ಮದುವೆ. ಹುಡುಗ ಮಾರಿಷಸ್‌ಗೆ ಟಿಕೆಟ್ ನೋಡುತ್ತಿದ್ದಾನೆ. ಸರಿಯಾದ ಕಾಲವಾ?
– ಒಬ್ಬ ಅಣ್ಣ, ಬಳ್ಳಾರಿ

ಉತ್ತರ: ಅಲ್ಲ. ಮಾರಿಷಸ್ ಭೂಮಧ್ಯರೇಖೆಯ ಆಚೆ ಇದೆ, ಜನವರಿಯಿಂದ ಮಾರ್ಚ್‌ವರೆಗೆ ಅವರಿಗೆ ಸೆಕೆ, ಮಳೆ ಮತ್ತು ಚಂಡಮಾರುತದ ಕಾಲ. ಮೇ ನಂತರ ಒಳ್ಳೆಯದು. ಜನವರಿಗೆ ಅಂಡಮಾನ್ ಅಥವಾ ಶ್ರೀಲಂಕಾದ ದಕ್ಷಿಣ ಕರಾವಳಿ, ಬೆಂಟೋಟ, ಮಿರಿಸ್ಸ ಕಡೆ ನೋಡಲು ಹೇಳಿ.

ಪ್ರಶ್ನೆ: ಅಕ್ಕಾ, ಮಾಘದಲ್ಲಿ ನನ್ನ ಮದುವೆ. ನಮ್ಮವರಿಗೆ ಲಕ್ಷದ್ವೀಪಕ್ಕೇ ಹೋಗಬೇಕಂತೆ. ನನಗೆ ಈಜು ಬರುವುದಿಲ್ಲ, ನೀರು ಅಂದರೆ ಭಯ. ಚಿಕ್ಕವಳಿದ್ದಾಗ ಕೃಷ್ಣೆಯಲ್ಲಿ ಹರಿಗೋಲು ಗಿರಗಿರ ತಿರುಗಿ ಚೀರಾಡಿದ್ದೆ. ಇನ್ನೊಂದು, ಅವರು ಹೇಳುವ ದಿನಗಳಲ್ಲೇ ನನ್ನ ಮುಟ್ಟಿನ ದಿನವೂ ಬರುತ್ತದೆ. ಹೇಳಲು ನಾಚಿಕೆ.
– ಹೆಸರು ಬೇಡ, ರಾಯಚೂರು

ಉತ್ತರ: ತಂಗೀ, ಎರಡನೆಯದಕ್ಕೆ ಮೊದಲು ಉತ್ತರ. ನಾಚಿಕೆ ಬೇಡ, ಅವರಿಗೆ ಹೇಳಿ. ಟಿಕೆಟ್ ತೆಗೆಯುವ ಮೊದಲೇ ಹೇಳಿದರೆ ನಾಲ್ಕು ದಿನ ಮುಂದೆ ಹಾಕಬಹುದು. ಇಷ್ಟು ಮಾತು ಹೇಳಿಕೊಳ್ಳುವ ಸಲಿಗೆ ಮದುವೆಗೆ ಮೊದಲೇ ಬರಲಿ. ಮುಂದೂಡುವ ಮಾತ್ರೆ ಇದೆ, ನಿಜ, ಆದರೆ ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ. ಎಲ್ಲರಿಗೂ ಅದು ಆಗಿಬರುವುದಿಲ್ಲ, ಸ್ತ್ರೀರೋಗ ತಜ್ಞರಿಗೆ ತೋರಿಸಿಯೇ ತೆಗೆದುಕೊಳ್ಳಿ.

ಭಯದ ವಿಷಯಕ್ಕೆ ಬಂದರೆ, ನೀರಿಗೆ ಹೆದರುವವರಿಗೆ ಲಕ್ಷದ್ವೀಪದಷ್ಟು ಒಳ್ಳೆಯ ಸಮುದ್ರ ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ಕೃಷ್ಣೆಯ ಸುಳಿ ಅಲ್ಲಿಲ್ಲ. ದ್ವೀಪದಿಂದ ದೂರದಲ್ಲಿ ಹವಳದ ದಿಬ್ಬ ಗೋಡೆಯ ಹಾಗೆ ನಿಂತಿರುತ್ತದೆ. ದೊಡ್ಡ ಅಲೆ ಅಲ್ಲಿಗೇ ಬಂದು ಒಡೆಯುತ್ತದೆ. ಒಳಗಿನ ನೀರು ಕೆರೆಯಂತೆ ಸುಮ್ಮನಿರುತ್ತದೆ, ದಡದ ಹತ್ತಿರ ಆಳವೂ ಇಲ್ಲ. ಮೊದಲ ದಿನ ಮೊಣಕಾಲಿನ ನೀರಿನಲ್ಲಿ ಕೂತುಕೊಳ್ಳಿ, ಸಾಕು. ಎರಡನೇ ದಿನ ತಳದಲ್ಲಿ ಗಾಜಿರುವ ದೋಣಿಯಲ್ಲಿ ಕೂತು ಕೆಳಗೆ ನೋಡಿ, ಮೈ ಒದ್ದೆಯಾಗದೆ ಹವಳ, ಮೀನು ಕಾಣುತ್ತದೆ. ಸ್ಕೂಬಾಗೆ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಮುಳುಗಲು, ಯಾರು ಬಲವಂತ ಮಾಡಿದರೂ ಬೇಡ ಅನ್ನಿ.

ಒಟ್ಟು 36 ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ. 2024ರ ಜನವರಿಯಲ್ಲಿ ಪ್ರಧಾನಿ ಹೋಗಿ ಬಂದ ಫೋಟೋ ನೋಡಿ ಎಲ್ಲರಿಗೂ ಆಸೆ ಹುಟ್ಟಿತು, ಆದರೆ ರೂಮುಗಳು ಕಡಿಮೆ. ಮೊದಲು ರೂಮು, ಆಮೇಲೆ ಪ್ರವೇಶ ಪರವಾನಗಿ. ನಮ್ಮ ದೇಶದವರಿಗೂ ಅದು ಬೇಕೇ ಬೇಕು. ಬಂಗಾರಂ ಬಿಟ್ಟರೆ ಉಳಿದ ದ್ವೀಪಗಳಲ್ಲಿ ಮದ್ಯ ಇಲ್ಲ, ಊರೊಳಗೆ ಮೈತುಂಬ ಬಟ್ಟೆ ಹಾಕಿಕೊಂಡು ಓಡಾಡಬೇಕು. ಕೊಚ್ಚಿಯಿಂದ ಲಕ್ಷದ್ವೀಪದ ವಿಮಾನ ನಿಲ್ದಾಣ ಇರುವ ಅಗತ್ತಿ ದ್ವೀಪಕ್ಕೆ ಚಿಕ್ಕ ವಿಮಾನದಲ್ಲಿ ಒಂದೂವರೆ ಗಂಟೆ. ಹಡಗಾದರೆ ದ್ವೀಪ ನೋಡಿಕೊಂಡು 14 ಗಂಟೆಯ ಮೇಲೆ, ಒಂದು ರಾತ್ರಿ ಪೂರ್ತಿ ನೀರಿನ ಮೇಲೆ. ಹಡಗು ನಿಮಗೆ ಬೇಡ, ವಿಮಾನವೇ ಆಗಲಿ ಅಂತ ಅವರಿಗೆ ಇವತ್ತೇ ಹೇಳಿ, ಸೀಟು ಬೇಗ ಖಾಲಿಯಾಗುತ್ತವೆ.